ಮೈಸೂರಿನ ಮೂವರು ಹೆಂಗಸರ ಚಿತ್ರ: ಅದರಲ್ಲಿ ನಿಜಕ್ಕೂ ಲಸಿಕೆಯ ಕಥೆ ಇದೆಯಾ?

ಒಂದು ಹಳೆಯ ತೈಲಚಿತ್ರ ವಾಟ್ಸಾಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಆಗಾಗ ಓಡಾಡುತ್ತಲೇ ಇರುತ್ತದೆ. ಮೈತುಂಬ ಒಡವೆ ತೊಟ್ಟ ಮೂವರು ಹೆಂಗಸರು, ಅರ್ಧ ನಗು, ನೇರ ನೋಟ. ಒಂದು ಪೋಸ್ಟಿನಲ್ಲಿ ಇವರು 'ಜಗತ್ತಿನ ಮೊದಲ ಲಸಿಕೆಯ ಪ್ರಚಾರಕ್ಕೆ ನಿಂತ ಮೈಸೂರು ರಾಣಿಯರು'. ಇನ್ನೊಂದರಲ್ಲಿ ಇದೇ ಮೂವರು 'ನರ್ತಕಿಯರು'. ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಹೆಮ್ಮೆ ಪಡುತ್ತಾರೆ, ಒಬ್ಬರು 'ಇದೆಲ್ಲ ಬ್ರಿಟಿಷರ ಕಟ್ಟುಕಥೆ' ಅನ್ನುತ್ತಾರೆ, ಉಳಿದವರು ಗೊಂದಲದಲ್ಲೇ ಮುಂದಿನ ಪೋಸ್ಟಿಗೆ ಹೋಗುತ್ತಾರೆ.

ಈ ಚಿತ್ರ ಇಷ್ಟು ಜೋರಾಗಿ ಸುದ್ದಿಯಾಗಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಕೊರೊನಾ ಲಸಿಕೆಗಾಗಿ ಇಡೀ ಲೋಕ ಕಾಯುತ್ತಿದ್ದ ದಿನಗಳವು. ಬಿಬಿಸಿ ಆಗ ಇದರ ಬಗ್ಗೆ ದೊಡ್ಡ ವರದಿ ಮಾಡಿತು. ಅದಾದ ಮೇಲೆ ಲಸಿಕೆಯ ಚರ್ಚೆ ಬಂದಾಗಲೆಲ್ಲ ಚಿತ್ರ ಮತ್ತೆ ತೇಲಿ ಬರುತ್ತದೆ. ಪ್ರತಿ ಸಲ ತೇಲಿ ಬಂದಾಗಲೂ ಮೂಲ ವರದಿಯಲ್ಲಿದ್ದ 'ಇರಬಹುದು', 'ಎಂಬುದು ಇತಿಹಾಸಕಾರರ ಅಭಿಪ್ರಾಯ' ಅನ್ನುವ ಮಾತುಗಳು ಒಂದೊಂದೇ ಉದುರಿಹೋಗಿ, ಈಗ ಅದು ಅನುಮಾನವೇ ಇಲ್ಲದ ಸತ್ಯ ಅನ್ನುವ ಹಾಗೆ ಹಂಚಿಕೆಯಾಗುತ್ತಿದೆ.

ಇಲ್ಲಿ ಎರಡು ಸಂಗತಿ ಒಂದಕ್ಕೊಂದು ಅಂಟಿಕೊಂಡಿವೆ. ಮೈಸೂರಿನ ಎಳೆಯ ರಾಣಿಯೊಬ್ಬಳು ಸಿಡುಬಿನ ಲಸಿಕೆ ಹಾಕಿಸಿಕೊಂಡಳು ಅನ್ನುವುದು ಒಂದು. ಈ ಚಿತ್ರ ಆ ಲಸಿಕೆಯ ಬಗ್ಗೆಯೇ ಬರೆದದ್ದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ದಾಖಲೆ ಇದೆ. ಎರಡನೆಯದು ಒಬ್ಬ ವಿದ್ವಾಂಸರು ಎಳೆ ಎಳೆಯಾಗಿ ಕಟ್ಟಿದ ವಾದ. ಇವೆರಡನ್ನು ಬಿಡಿಸಿ ನೋಡಿದರೆ ಮಾತ್ರ ಚಿತ್ರ ಅರ್ಥವಾಗುತ್ತದೆ.

ಚಿತ್ರ ಯಾರದ್ದು, ಹೊಸ ಓದು ಯಾರದ್ದು

ಚಿತ್ರ ಬರೆದವನು ಥಾಮಸ್ ಹಿಕಿ. ಐರ್ಲೆಂಡಿನ ಡಬ್ಲಿನ್‌ನಲ್ಲಿ 1741ರಲ್ಲಿ ಹುಟ್ಟಿದ, 1824ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡ ಕಲಾವಿದ. ಬ್ರಿಟಿಷರ ರಾಯಭಾರಿ ತಂಡದ ಜೊತೆ ಚೀನಾಕ್ಕೂ ಹೋಗಿ ಬಂದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಯುದ್ಧಕ್ಕೆ ಸಂಬಂಧಪಟ್ಟವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಬರೆದ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು, ದಿವಾನ್ ಪೂರ್ಣಯ್ಯ, ಟಿಪ್ಪುವಿನ ಮಕ್ಕಳು, ಹೀಗೆ. ಅಂದರೆ ಮೈಸೂರಿನ ಆಸ್ಥಾನ ಅವನಿಗೆ ಹೊಸದಲ್ಲ.

ಮೂವರು ಹೆಂಗಸರ ಚಿತ್ರದ ಕಾಲ 1805. ತುಂಬಾ ವರ್ಷ ಇದನ್ನು ನರ್ತಕಿಯರ ಅಥವಾ ಯಾರೋ ಸಿರಿವಂತರ ಆಸರೆಯಲ್ಲಿದ್ದ ಹೆಂಗಸರ ಚಿತ್ರ ಎಂದೇ ನೋಡಲಾಗಿತ್ತು. ಮೈಸೂರಿನ ಇತಿಹಾಸವನ್ನು ಆಳವಾಗಿ ಓದಿರುವ ಕೇಂಬ್ರಿಜ್‌ನ ನೈಜೆಲ್ ಚಾನ್ಸಲರ್ ಇದನ್ನು ಒಪ್ಪಲಿಲ್ಲ. 2001ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟಿಸಿ, ಇವರು ಮೈಸೂರಿನ ರಾಜಮನೆತನದವರು, ಚಿತ್ರದ ಉದ್ದೇಶ ಸಿಡುಬಿನ ಲಸಿಕೆಗೆ ಅರಮನೆಯ ಒಪ್ಪಿಗೆಯನ್ನು ತೋರಿಸುವುದು ಎಂದು ವಾದಿಸಿದರು. 2007ರಲ್ಲಿ ಸೋಥೆಬಿಸ್ ಎಂಬ ಹರಾಜು ಸಂಸ್ಥೆ ಚಿತ್ರವನ್ನು ಹರಾಜಿಗಿಟ್ಟಾಗ ಈ ವಾದ ವಿದ್ವಾಂಸರ ವಲಯದಿಂದ ಆಚೆಗೂ ತಲುಪಿತು. ಜನಸಾಮಾನ್ಯರ ತನಕ ಬರಲು ಮಾತ್ರ ಒಂದು ಮಹಾಮಾರಿಯೇ ಬೇಕಾಯಿತು.

ಆಗ ಸಿಡುಬು ಅಂದ್ರೆ ಏನಾಗಿತ್ತು

ಈಗಿನ ಮಕ್ಕಳಿಗೆ ಸಿಡುಬು ಅನ್ನುವುದು ಪಾಠದ ಪುಸ್ತಕದ ಒಂದು ಸಾಲು. 1977ರಲ್ಲಿ ಭಾರತ ಸಿಡುಬು ಮುಕ್ತ ಎಂದು ಘೋಷಣೆಯಾಯಿತು, 1980ರಲ್ಲಿ ಜಗತ್ತೇ ಮುಕ್ತವಾಯಿತು. ಅದಕ್ಕೆ ಮುಂಚೆ ಸಿಡುಬು ಬಂದ ಹತ್ತು ಜನರಲ್ಲಿ ಸುಮಾರು ಮೂವರು ಉಳಿಯುತ್ತಿರಲಿಲ್ಲ. ಉಳಿದವರ ಮುಖದ ತುಂಬ ಗುಳಿ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. 'ಅಮ್ಮ ಬಂದಿದ್ದಾಳೆ' ಅನ್ನುತ್ತಿದ್ದರು. ಬೇವಿನ ಸೊಪ್ಪು ಹಾಸಿ ಮಲಗಿಸಿ, ಮಾರಮ್ಮನಿಗೆ ಹರಕೆ ಹೊತ್ತು ಕಾಯುತ್ತಿದ್ದರು. ಗುಡಿಸಲು, ಅರಮನೆ ಅನ್ನುವ ಭೇದ ಆ ರೋಗಕ್ಕಿರಲಿಲ್ಲ. ಈ ಚಿತ್ರದ ಕಾಲಕ್ಕೆ ಮೈಸೂರಿನ ರಾಜರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರ್ 1796ರಲ್ಲಿ ಸಿಡುಬಿನಿಂದಲೇ ತೀರಿಕೊಂಡರು. ಮಗನಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಹಾಗಂತ ಜನ ಕೈಕಟ್ಟಿ ಕೂತಿರಲಿಲ್ಲ. ಭಾರತದ ಹಲವು ಕಡೆ ಲಸಿಕೆಗೆ ಮುಂಚಿನ ಒಂದು ಪದ್ಧತಿ ಇತ್ತು. ಸಿಡುಬು ಬಂದವರ ಗುಳ್ಳೆಯ ಕೀವನ್ನೋ ಒಣಗಿದ ಹಕ್ಕಳೆಯನ್ನೋ ತೆಗೆದು ಆರೋಗ್ಯವಂತರ ಚರ್ಮಕ್ಕೆ ಚುಚ್ಚುವುದು, ಇಲ್ಲವೇ ಪುಡಿ ಮಾಡಿ ಮೂಗಿಗೆ ಊದುವುದು. ಆಗ ರೋಗ ಸಣ್ಣದಾಗಿ ಬಂದು ಹೋಗುತ್ತದೆ, ಮತ್ತೆ ಜೀವಮಾನದಲ್ಲಿ ಬರುವುದಿಲ್ಲ. ಬಂಗಾಳದಲ್ಲಿ ಇದನ್ನೇ ಕಸುಬಾಗಿ ಮಾಡಿಕೊಂಡ ಟೀಕಾದಾರರಿದ್ದರು, ವರ್ಷದ ಗೊತ್ತಾದ ಕಾಲದಲ್ಲಿ ಊರೂರಿಗೆ ಬರುತ್ತಿದ್ದರು. ಪದ್ಧತಿ ಕೆಲಸ ಮಾಡುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಒಳಗೆ ಹೋಗುತ್ತಿದ್ದುದು ನಿಜವಾದ ಸಿಡುಬೇ. ನೂರರಲ್ಲಿ ಒಬ್ಬಿಬ್ಬರು ಅದರಿಂದಲೇ ಸಾಯುತ್ತಿದ್ದರು. ಜೊತೆಗೆ ಚುಚ್ಚಿಸಿಕೊಂಡವರಿಂದ ಪಕ್ಕದ ಮನೆಯವರಿಗೆ ಪೂರ್ತಿ ಸಿಡುಬು ಹರಡುವ ಭಯ ಬೇರೆ.

ಖಾಸಾ ಚಾಮರಾಜ ಒಡೆಯರ್ ತೀರಿಕೊಂಡ ಅದೇ 1796ರ ಮೇ 14ರಂದು ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಹಸುವಿನ ಸಿಡುಬಿನ ಕೀವು ಚುಚ್ಚಿದ. ಹಾಲು ಕರೆಯುವ ಹುಡುಗಿಯೊಬ್ಬಳ ಕೈಗುಳ್ಳೆಯಿಂದ ತೆಗೆದದ್ದು ಅದು. ಆಮೇಲೆ ನಿಜವಾದ ಸಿಡುಬಿನ ಕೀವು ಚುಚ್ಚಿದರೂ ಹುಡುಗನಿಗೆ ರೋಗ ಬರಲಿಲ್ಲ. ಹಸುವಿನ ಸಿಡುಬು ಮನುಷ್ಯರನ್ನು ಕೊಲ್ಲುವುದಿಲ್ಲ, ಪಕ್ಕದವರಿಗೆ ಗಾಳಿಯಲ್ಲಿ ಹರಡುವುದೂ ಇಲ್ಲ. ಹಳೆಯ ಪದ್ಧತಿಗಿಂತ ಹೊಸದು ಮೇಲು ಅನ್ನಿಸಿದ್ದು ಇದೇ ಕಾರಣಕ್ಕೆ.

ತೋಳಿನಿಂದ ತೋಳಿಗೆ ಬಂದ ಲಸಿಕೆ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಚಿತ್ರದ ಹಿಂದಿನ ಒತ್ತಡವೆಲ್ಲ ಇರುವುದು ಇಲ್ಲೇ.

ಆಗ ಫ್ರಿಜ್ ಇರಲಿಲ್ಲ. ಕೀವನ್ನು ದಾರಕ್ಕೋ ಗಾಜಿಗೋ ಹಚ್ಚಿ ಒಣಗಿಸಿ ಕಳಿಸಿದರೆ ಹಡಗಿನ ದಾರಿಯ ಬಿಸಿಲಿಗೆ ಅದರ ಶಕ್ತಿ ಹೋಗುತ್ತಿತ್ತು. ಹಾಗಾಗಿ ಲಸಿಕೆಯನ್ನು ಜೀವಂತ ಇಡಲು ಇದ್ದದ್ದು ಒಂದೇ ದಾರಿ, ಮನುಷ್ಯನ ಮೈ. ಒಬ್ಬರ ತೋಳಿಗೆ ಚುಚ್ಚಬೇಕು, ವಾರ ಕಳೆದ ಮೇಲೆ ಅಲ್ಲಿ ಏಳುವ ಗುಳ್ಳೆಯ ನೀರನ್ನು ತೆಗೆದು ಮತ್ತೊಬ್ಬರ ತೋಳಿಗೆ ಚುಚ್ಚಬೇಕು, ಅಲ್ಲಿಂದ ಮತ್ತೊಬ್ಬರಿಗೆ. ಸರಪಳಿ ಒಂದು ಕಡೆ ಕಡಿದರೂ ಮೊದಲಿನಿಂದ ಶುರು. ಸ್ಪೇನ್ 1803ರಲ್ಲಿ ತನ್ನ ಅಮೆರಿಕದ ವಸಾಹತುಗಳಿಗೆ ಲಸಿಕೆ ಕಳಿಸಿದಾಗ 22 ಅನಾಥ ಹುಡುಗರನ್ನು ಹಡಗಿಗೆ ಹತ್ತಿಸಿತ್ತು, ಅವರ ತೋಳುಗಳೇ ಲಸಿಕೆಯ ಪಾತ್ರೆಗಳು.

ಭಾರತಕ್ಕೆ ಅದು ಬಂದದ್ದು ವಿಯೆನ್ನಾ, ಬಾಗ್ದಾದ್, ಬಸ್ರಾ ದಾರಿಯಾಗಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ಲಸಿಕೆ ಹಿಡಿಯಿತು. ಈ ದೇಶದಲ್ಲಿ ಲಸಿಕೆ ಹಿಡಿದ ಮೊದಲ ತೋಳು ಅದು. ಆ ಮಗುವಿನ ಗುಳ್ಳೆಯಿಂದ ಬೇರೆ ಮಕ್ಕಳಿಗೆ, ಅಲ್ಲಿಂದ ಬೇರೆ ಊರುಗಳಿಗೆ ಹೋಯಿತು.

ಈಗ ಇದನ್ನು ಆ ಕಾಲದ ಸಮಾಜದಲ್ಲಿಟ್ಟು ನೋಡಿ. ಲಸಿಕೆ ಹಾಕಿಸಿಕೊಳ್ಳುವುದು ಅಂದರೆ ಯಾವುದೋ ಜಾತಿಯ, ಯಾವುದೋ ಧರ್ಮದ, ಗುರುತೇ ಇಲ್ಲದ ಒಬ್ಬರ ಮೈಯಿಂದ ತೆಗೆದ ನೀರನ್ನು ತಮ್ಮ ರಕ್ತಕ್ಕೆ ಸೇರಿಸಿಕೊಳ್ಳುವುದು. ಮಡಿ ಮೈಲಿಗೆಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಆಕ್ಷೇಪ ಬೇಕಾ? ಮೂಲದಲ್ಲಿ ಅದು ಹಸುವಿನ ರೋಗ ಅನ್ನುವ ಅಳುಕು ಬೇರೆ. ಚುಚ್ಚುವವನು ಪರದೇಶದ ಸರ್ಕಾರದ ವೈದ್ಯ. ಹಣ ಕೊಟ್ಟು ಹಳೆಯ ಪದ್ಧತಿಯಲ್ಲಿ ಚುಚ್ಚಿಸಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ ಪುಕ್ಕಟೆ ಸಿಗುವ ಹೊಸದನ್ನು ಯಾಕೆ ನಂಬಬೇಕು? ಟೀಕಾದಾರರಿಗಂತೂ ಅನ್ನದ ಪ್ರಶ್ನೆ. ಅವರು ವಿರೋಧಿಸಿದ್ದನ್ನು ಬರೀ ಮೂಢನಂಬಿಕೆ ಎಂದು ಬರೆದುಬಿಡುವುದು ಅನ್ಯಾಯ.

ಹೀಗಾಗಿ ಕಂಪನಿಗೆ ಚುಚ್ಚುವವರಿಗಿಂತ ಜಾಸ್ತಿ ಬೇಕಾಗಿದ್ದುದು ಜನರನ್ನು ಒಪ್ಪಿಸುವವರು. ಮದ್ರಾಸಿನಲ್ಲಿ ಅಧಿಕಾರಿಯಾಗಿದ್ದ ಎಫ್. ಡಬ್ಲ್ಯೂ. ಎಲ್ಲಿಸ್ ದೇವಿಯೇ ಧನ್ವಂತರಿಗೆ ಹಸುವಿನ ಸಿಡುಬಿನ ಗುಣವನ್ನು ವಿವರಿಸುವಂಥ ಸಂಭಾಷಣೆಯೊಂದನ್ನು ತಮಿಳಿನಲ್ಲಿ ಹೊಸೆದಿದ್ದ. ಹಸುವಿನಿಂದ ಬಂದದ್ದು, ಆದ್ದರಿಂದ ಪವಿತ್ರ ಅನ್ನುವ ಧಾಟಿ. ಪುರಾಣದ ಮಾತನ್ನೇ ಪ್ರಚಾರಕ್ಕೆ ಬಳಸಲು ಹಿಂಜರಿಯದ ಆಡಳಿತ, ಒಂದು ಅರಮನೆಯ ಒಪ್ಪಿಗೆ ಸಿಗುವುದಾದರೆ ಅದನ್ನು ಬಿಡುತ್ತಿತ್ತಾ?

ಮೈಸೂರೇ ಯಾಕೆ

1799ರ ಮೇ 4ರಂದು ಟಿಪ್ಪು ಬಿದ್ದ. ಜೂನ್ 30ರಂದು ಐದು ವರ್ಷವೂ ತುಂಬದ ಕೃಷ್ಣರಾಜ ಒಡೆಯರನ್ನು ಕಂಪನಿ ಪಟ್ಟಕ್ಕೆ ಕೂರಿಸಿತು. ಆಡಳಿತ ಪೂರ್ಣಯ್ಯನವರ ಕೈಯಲ್ಲಿ, ಕಣ್ಗಾವಲು ಬ್ರಿಟಿಷ್ ರೆಸಿಡೆಂಟ್‌ನದು, ಅಂದರೆ ಆಸ್ಥಾನದಲ್ಲಿದ್ದ ಕಂಪನಿಯ ಪ್ರತಿನಿಧಿಯದು. ವರ್ಷಕ್ಕೆ ಏಳು ಲಕ್ಷ ವರಹ ಕಂಪನಿಗೆ ಕೊಡಬೇಕು ಅನ್ನುವ ಒಪ್ಪಂದ ಮೇಲಿನಿಂದ.

ಅರಮನೆಯೊಳಗೆ ನಿಜವಾದ ಹಿರಿಯರು ಅಂದರೆ ಹುಡುಗನ ಅಜ್ಜಿ ಲಕ್ಷ್ಮಮ್ಮಣ್ಣಿ. ಇವರ ಬಗ್ಗೆ ಒಂದು ಮಾತು ಹೇಳಲೇಬೇಕು. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ, 1766ರಲ್ಲಿ ಗಂಡನನ್ನು ಕಳೆದುಕೊಂಡವರು. ಹೈದರ್ ಮತ್ತು ಟಿಪ್ಪುವಿನ ಕಾಲದುದ್ದಕ್ಕೂ, ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ, ರಾಜ್ಯವನ್ನು ಒಡೆಯರ ವಂಶಕ್ಕೆ ಮರಳಿಸಲು ಗುಟ್ಟಾಗಿ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದವರು. ಅವರ ಪರವಾಗಿ ತಿರುಮಲರಾಯರು ಮದ್ರಾಸಿನಲ್ಲಿ ಓಡಾಡಿದರು, 1782ರಲ್ಲಿ ಒಂದು ಒಪ್ಪಂದವೂ ಆಯಿತು. ಇಷ್ಟು ದೀರ್ಘಕಾಲ ರಾಜಕೀಯ ಮಾಡಿದ ಹೆಂಗಸು ಮನೆಯ ಎಳೆಯ ಸೊಸೆಗೆ ಲಸಿಕೆ ಹಾಕಿಸಲು ಒಪ್ಪಿದ್ದರೆ, ಅದು ಯಾರೋ ಹೇಳಿದರು ಅಂತ ಸುಮ್ನೆ ತಲೆಯಾಡಿಸಿದ್ದಾಗಿರಲಾರದು. ಮನೆತನದಲ್ಲಿ ಸಿಡುಬಿನ ಸಾವು ಆಗಿತ್ತು. ವಂಶಕ್ಕೆ ಇದ್ದದ್ದು ಒಬ್ಬ ಹುಡುಗ. ಅವನ ಮದುವೆ ಅಂದರೆ ವಂಶ ಮುಂದುವರಿಯುವ ಪ್ರಶ್ನೆ. ಕಂಪನಿಯ ಜೊತೆ ಸಂಬಂಧ ಚೆನ್ನಾಗಿರಬೇಕು ಅನ್ನುವ ಲೆಕ್ಕವೂ ಇತ್ತು. ಎರಡೂ ಕಡೆಯವರಿಗೆ ಇದರಿಂದ ಲಾಭ ಇತ್ತು.

ಆ ಎಳೆಯ ಸೊಸೆ ದೇವಾಜಮ್ಮಣ್ಣಿ. ಅವಳು 1805ರಲ್ಲಿ ಮದುವೆಯಾಗಿ ಅರಮನೆಗೆ ಬಂದಾಗ ಅವಳ ವಯಸ್ಸು ಸುಮಾರು ಹನ್ನೆರಡು. ರಾಜನದೂ ಹೆಚ್ಚುಕಡಿಮೆ ಅಷ್ಟೇ. 1806ರ ಜುಲೈನಲ್ಲಿ ಆಸ್ಥಾನದ ದಾಖಲೆ ಒಂದು ಮಾತು ಹೇಳುತ್ತದೆ: ರಾಣಿ ಲಸಿಕೆ ಹಾಕಿಸಿಕೊಂಡದ್ದು ಜನರ ಮೇಲೆ ಒಳ್ಳೆಯ ಪ್ರಭಾವ ಬೀರಿದೆ, ಅವರೂ ಮುಂದೆ ಬರುತ್ತಿದ್ದಾರೆ. ಇಡೀ ಕಥೆಯಲ್ಲಿ ಗಟ್ಟಿ ನೆಲ ಇರುವುದು ಇಲ್ಲಿ.

ಆ ಜುಲೈ ತಿಂಗಳನ್ನು ಗಮನಿಸಿ. 1806ರ ಜುಲೈ 10ರಂದೇ ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದದ್ದು. ಕಾರಣ ಏನು? ಹೊಸ ನಮೂನೆಯ ರುಮಾಲು ಸುತ್ತಬೇಕು, ಹಣೆಯ ಮೇಲೆ ಜಾತಿಯ ಗುರುತು ಇರಬಾರದು, ಗಡ್ಡ ಬಿಡಬಾರದು ಅನ್ನುವ ಆಜ್ಞೆ. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದೂ ಅದೇ ಕೋಟೆಯಲ್ಲಿ. ಮೈಮೇಲಿನ ಒಂದು ಗುರುತನ್ನು ಸರ್ಕಾರ ಮುಟ್ಟಿದರೆ ರಕ್ತ ಹರಿಯುತ್ತದೆ ಅನ್ನುವಂಥ ಹೊತ್ತಿನಲ್ಲಿ, ಅದೇ ಸರ್ಕಾರದ ವೈದ್ಯರು ಜನರ ತೋಳಿನ ಮೇಲೆ ಗುರುತು ಹಾಕಲು ಹೊರಟಿದ್ದರು. ರಾಣಿಯ ತೋಳು ಕಂಪನಿಗೆ ಯಾಕೆ ಅಷ್ಟು ಮುಖ್ಯವಾಯಿತು ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಚಾನ್ಸಲರ್ ಚಿತ್ರವನ್ನು ಹೇಗೆ ಓದಿದರು

ಮೊದಲು ಬಲಬದಿಯ ಹುಡುಗಿ. ಇವಳೇ ದೇವಾಜಮ್ಮಣ್ಣಿ ಎಂದು ಚಾನ್ಸಲರ್ ಹೇಳುತ್ತಾರೆ. ಸೀರೆಯ ಸೆರಗು ಸಾಮಾನ್ಯವಾಗಿ ಎಡತೋಳನ್ನು ಮುಚ್ಚಬೇಕು. ಇಲ್ಲಿ ತೋಳು ತೆರೆದಿದೆ, ಅವಳ ಕೈ ಅತ್ತ ತೋರಿಸುತ್ತಿದೆ. ಲಸಿಕೆ ಹಾಕುವ ಜಾಗ ಅದು. ಮರ್ಯಾದೆಗೆ ಹೆಚ್ಚು ಕುಂದಾಗದಂತೆ ಆ ಜಾಗವನ್ನು ತೋರಿಸಲು ಕಲಾವಿದ ಹುಡುಕಿದ ಉಪಾಯ ಇದು ಅನ್ನುವುದು ಅವರ ಓದು.

ಎಡಬದಿಯವಳು ರಾಜನ ಮೊದಲ ಪತ್ನಿ. ಅವಳ ಹೆಸರೂ ದೇವಾಜಮ್ಮಣ್ಣಿಯೇ. ಅವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬೇರೆಯಾಗಿದೆ. ಸಿಡುಬಿನ ಪುಡಿಯನ್ನು ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತು ಅದು ಎಂದು ಚಾನ್ಸಲರ್ ಭಾವಿಸುತ್ತಾರೆ. ಈ ಓದು ಸರಿಯಾದರೆ ಚಿತ್ರದ ಒಂದು ಕಡೆ ಹಳೆಯ ವಿಧಾನ, ಇನ್ನೊಂದು ಕಡೆ ಹೊಸದು. ಒಬ್ಬಳಿಗೆ ಗುರುತು ಮುಖದ ಮೇಲೆ, ಇನ್ನೊಬ್ಬಳಿಗೆ ಸೆರಗಿನಡಿ ಮುಚ್ಚಿಡಬಹುದಾದ ಕಡೆ. ನೋಡುವವರಿಗೆ ಯಾವುದು ಮೇಲು ಅಂತ ಬಾಯಿಬಿಟ್ಟು ಹೇಳಬೇಕಿಲ್ಲ.

ನಡುವೆ ಇರುವವರು ಅಜ್ಜಿ ಲಕ್ಷ್ಮಮ್ಮಣ್ಣಿ, ಅವರ ನೇರ ನೋಟವೇ ಮನೆತನದ ಮುದ್ರೆ ಅನ್ನುತ್ತಾರೆ ಅವರು.

ಇದರ ಜೊತೆ ಇನ್ನೂ ಕೆಲವು ಆಧಾರ ಕೊಡುತ್ತಾರೆ. ತೋಳನ್ನು ಮುಚ್ಚುವಂಥ ಭಾರಿ ಚಿನ್ನ, ತಲೆಯ ಮೇಲಿನ ಭವ್ಯ ಆಭರಣ, ಇವು ಒಡೆಯರ ರಾಣಿಯರು ತೊಡುತ್ತಿದ್ದಂಥವು. ಚಿತ್ರದ ವರ್ಷ ರಾಜನ ಮದುವೆಯ ಕಾಲಕ್ಕೆ ಹೊಂದುತ್ತದೆ. ಹಿಕಿಗೆ ಆಸ್ಥಾನದ ಪರಿಚಯ ಮೊದಲೇ ಇತ್ತು. ಎಲ್ಲಕ್ಕಿಂತ ದೊಡ್ಡ ಆಧಾರ, ಇಂಥ ಚಿತ್ರ ಇದೆ ಅನ್ನುವುದೇ. ಅಂತಃಪುರದ ಹೆಂಗಸರು ಪರದೇಶದ ಗಂಡಸಿನ ಮುಂದೆ ಇಷ್ಟು ಸಲೀಸಾಗಿ ನಿಲ್ಲುತ್ತಿರಲಿಲ್ಲ. ನಿಂತಿದ್ದರೆ ಅದಕ್ಕೆ ದೊಡ್ಡ ಕಾರಣ ಇರಲೇಬೇಕು, ಬರೀ ಚಂದಕ್ಕೆ ಬರೆಸಿಕೊಳ್ಳಲು ಮನೆತನ ಇಂಥ ಅಪವಾದ ಮೈಮೇಲೆ ಎಳೆದುಕೊಳ್ಳುತ್ತಿರಲಿಲ್ಲ.

ಎಲ್ಲೆಲ್ಲಿ ಎಳೆ ಸಡಿಲ

ವಾದ ಚೆನ್ನಾಗಿದೆ. ಚೆನ್ನಾಗಿರುವುದರಿಂದಲೇ ಅದನ್ನು ತಟ್ಟಿ ನೋಡಬೇಕು.

ಮುಖದ ಬಣ್ಣದ ಮಾತು ಮೊದಲು ತಗೊಳ್ಳೋಣ. ಎರಡು ಶತಮಾನ ಹಳೆಯ ತೈಲಚಿತ್ರದಲ್ಲಿ ಬಣ್ಣ ಬದಲಾಗಲು ರೋಗವೇ ಬೇಕಿಲ್ಲ. ಮೇಲೆ ಬಳಿದ ವಾರ್ನಿಷ್ ಹಳದಿಯಾಗುತ್ತದೆ, ಯಾರೋ ಯಾವಾಗಲೋ ತಿದ್ದಿದ ಜಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ, ಕಲಾವಿದ ಹಾಕಿದ ನೆರಳೇ ಕಪ್ಪಾಗುತ್ತದೆ. ಗುರುತು ನಿಜವಾಗಿ ಹಿಕಿಯ ಕುಂಚದ್ದೇ ಅನ್ನುವುದು ಬಣ್ಣದ ಪದರಗಳ ಪರೀಕ್ಷೆಯಿಂದ ಗೊತ್ತಾಗಬೇಕೇ ಹೊರತು ಬರಿಗಣ್ಣಿಗಲ್ಲ. ಫೋನಿನ ಪರದೆಯಲ್ಲಿ ಹಿಗ್ಗಿಸಿ ನೋಡಿ 'ಹೌದು, ಕಾಣ್ತಿದೆ' ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ.

ಇಸವಿಯ ಲೆಕ್ಕ ಇನ್ನೊಂದು. ಚಿತ್ರ 1805ರದ್ದು, ಆಸ್ಥಾನದ ಮಾತು 1806ರ ಜುಲೈನದು. ಲಸಿಕೆ ಮೊದಲೇ ಆಗಿ, ಅದರ ಪರಿಣಾಮ ಕಂಡ ಮೇಲೆ ದಾಖಲೆಯಾಯಿತು ಅಂದುಕೊಂಡರೆ ಎರಡೂ ಹೊಂದುತ್ತವೆ. ಹೊಂದುತ್ತದೆ ಅನ್ನುವುದಕ್ಕೂ ಸಾಬೀತಾಗಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ನಡುವಿನ ಹೆಂಗಸಿನ ಗುರುತು ನನಗೆ ಎಲ್ಲಕ್ಕಿಂತ ಕಷ್ಟದ್ದು ಅನ್ನಿಸುತ್ತದೆ. ಲಕ್ಷ್ಮಮ್ಮಣ್ಣಿಯವರಿಗೆ 1805ರಲ್ಲಿ ಅರವತ್ತರ ಆಸುಪಾಸು. ಗಂಡನನ್ನು ಕಳೆದುಕೊಂಡು ಹತ್ತಿರ ಹತ್ತಿರ ನಲವತ್ತು ವರ್ಷ ಆಗಿತ್ತು. ಚಿತ್ರದಲ್ಲಿರುವ ಮುಖದ ವಯಸ್ಸು ಅದಾ? ಆ ಕಾಲದ ರಾಜಮನೆತನದ ವಿಧವೆಯೊಬ್ಬರು ಹೀಗೆ ಕಾಣಿಸಿಕೊಳ್ಳುತ್ತಿದ್ದರಾ? ಕಲಾವಿದರು ದೊಡ್ಡವರ ವಯಸ್ಸನ್ನು ಇಳಿಸಿ ಬರೆಯುವುದು ಉಂಟು ನಿಜ, ಆದರೂ ಪ್ರಶ್ನೆ ಉಳಿಯುತ್ತದೆ. ಉಳಿದಿಬ್ಬರ ಗುರುತು ಸರಿಯಿದ್ದು ನಡುವಿನವರು ಬೇರೆ ಯಾರೋ ಆಗಿರಲೂಬಹುದು. ಹಾಗಾದರೂ ಲಸಿಕೆಯ ವಾದವೇನೂ ಬೀಳುವುದಿಲ್ಲ, ಆದರೆ ಅಜ್ಜಿಯ ನೋಟವೇ ಮನೆತನದ ಮುದ್ರೆ ಅನ್ನುವ ಭಾಗ ಸಡಿಲವಾಗುತ್ತದೆ.

ಹೆಸರುಗಳದ್ದೂ ಒಂದು ತೊಡಕು. ಮೈಸೂರು ಅರಮನೆಯಲ್ಲಿ ಒಂದೇ ಹೆಸರಿನ ರಾಣಿಯರು ಹಲವರು. ದೇವಾಜಮ್ಮಣ್ಣಿ ಅನ್ನುವ ಹೆಸರಂತೂ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಲಕ್ಷ್ಮೀವಿಲಾಸ, ರಮಾವಿಲಾಸ, ಕೃಷ್ಣವಿಲಾಸ ಎಂದು ಸನ್ನಿಧಾನಗಳ ಹೆಸರಿನಿಂದ ಅವರನ್ನು ಗುರುತಿಸುವ ರೂಢಿ. ಬ್ರಿಟಿಷ್ ಕಾಗದಗಳಲ್ಲಿ ಬರುವ ಹೆಸರು ಯಾರದ್ದು ಎಂದು ತಿಳಿಯಲು ಕನ್ನಡದ ಅರಮನೆ ದಾಖಲೆಗಳನ್ನು ಪಕ್ಕದಲ್ಲಿಟ್ಟು ಓದಲೇಬೇಕು.

ಒಟ್ಟಿನಲ್ಲಿ ಇವರು ರಾಜಮನೆತನದವರು ಅನ್ನುವ ಭಾಗ ನನಗೆ ಸಾಕಷ್ಟು ಬಲವಾಗಿ ಕಾಣುತ್ತದೆ. ತೋಳಿನ ಕಡೆ ತೋರಿಸುವ ಕೈ ಲಸಿಕೆಯನ್ನೇ ಹೇಳುತ್ತಿದೆ ಅನ್ನುವುದು ಸಾಧ್ಯ, ಅದೂ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಾಧ್ಯತೆ. ಮುಖದ ಕಲೆಯ ಮಾತು ಮಾತ್ರ ಪರೀಕ್ಷೆಯಾಗುವ ತನಕ ಊಹೆ.

'ನರ್ತಕಿಯರು' ಅಂತ ಬರೆದದ್ದು ಯಾಕೆ

ಹಳೆಯ ಗುರುತು ಬರೀ ಅಜಾಗರೂಕತೆಯಿಂದ ಬಂದದ್ದಲ್ಲ. ಹದಿನೆಂಟನೇ ಶತಮಾನದಲ್ಲಿ ಇಲ್ಲಿಗೆ ಬಂದ ಯುರೋಪಿನ ಕಲಾವಿದರಿಗೆ ಮನೆತನಸ್ಥ ಹೆಂಗಸರನ್ನು ಎದುರು ಕೂರಿಸಿ ಬರೆಯುವ ಅವಕಾಶವೇ ಇರಲಿಲ್ಲ. ಸಿಕ್ಕವರು ನರ್ತಕಿಯರು, ಇಲ್ಲವೇ ಇಂಗ್ಲಿಷರ ಜೊತೆ ಬಾಳುತ್ತಿದ್ದ ಇಲ್ಲಿನ ಹೆಂಗಸರು. ಟಿಲ್ಲಿ ಕೆಟಲ್ ನರ್ತಕಿಯರನ್ನು ಬರೆದ. ಹಿಕಿಯೇ 1787ರಲ್ಲಿ ಬರೆದ ಒಬ್ಬ ಭಾರತೀಯ ಹೆಂಗಸಿನ ಚಿತ್ರ ಐರ್ಲೆಂಡಿನ ರಾಷ್ಟ್ರೀಯ ಗ್ಯಾಲರಿಯಲ್ಲಿದೆ, ಅದು ವಿಲಿಯಂ ಹಿಕಿ ಎಂಬ ವಕೀಲನ ಜೊತೆಗಿದ್ದ ಜೆಮ್ದಾನಿ ಇರಬಹುದು ಅನ್ನುತ್ತಾರೆ. ಗಮನಿಸಿ, ಅಲ್ಲಿಯೂ 'ಇರಬಹುದು'.

ಹೀಗೆ ಒಂದು ಅಭ್ಯಾಸ ಬೆಳೆಯಿತು. ಹೆಸರು ಬರೆಯದ ಭಾರತೀಯ ಹೆಂಗಸು, ಒಡವೆ, ನೇರ ನೋಟ, ಇಷ್ಟಿದ್ದರೆ ನರ್ತಕಿ ಅನ್ನುವುದು. ಗಂಡಸರ ಚಿತ್ರಕ್ಕಾದರೆ ಹೆಸರು, ಹುದ್ದೆ, ಇಸವಿ ಎಲ್ಲ ಬರೆದಿಡುತ್ತಿದ್ದರು. ಪೂರ್ಣಯ್ಯನವರನ್ನು ಇವತ್ತು ಯಾರೂ ತಪ್ಪಾಗಿ ಗುರುತಿಸುವುದಿಲ್ಲ. ಈ ಮೂವರು ಸುಮಾರು ಇನ್ನೂರು ವರ್ಷ ಹೆಸರಿಲ್ಲದೆ ಉಳಿದದ್ದು ಯಾವುದೋ ಒಂದು ಕಾಗದ ಕಳೆದದ್ದರಿಂದ ಅಷ್ಟೇ ಅಲ್ಲ, ಬರೆದಿಡಬೇಕು ಅಂತ ಯಾರಿಗೂ ಅನ್ನಿಸದೇ ಇದ್ದದ್ದರಿಂದಲೂ ಇರಬೇಕು. ಹೊಸ ಓದು ನಾಳೆ ಅಷ್ಟಿಷ್ಟು ತಪ್ಪಾದರೂ ಈ ಅಭ್ಯಾಸವನ್ನು ಅದು ಪ್ರಶ್ನೆ ಮಾಡಿತಲ್ಲ, ಆ ಉಪಕಾರ ದೊಡ್ಡದು.

ಅತಿಯಾಗಿ ಹೇಳಿದರೆ ಆಗುವ ನಷ್ಟ

ಈ ಚಿತ್ರವನ್ನು ಈಗ ಮೂರು ಕಡೆಯವರು ಎಳೆಯುತ್ತಿದ್ದಾರೆ. ಕಂಪನಿ ಆಡಳಿತ ಭಾರತಕ್ಕೆ ಒಳ್ಳೆಯದನ್ನೇ ತಂದಿತು ಅನ್ನುವವರಿಗೆ ಇದು ಸಾಕ್ಷಿ. ಮೈಸೂರು ಎಲ್ಲದರಲ್ಲೂ ಮುಂದು ಅನ್ನುವವರಿಗೂ ಸಾಕ್ಷಿ. ಲಸಿಕೆಯ ಜಾಗೃತಿ ಮೂಡಿಸುವವರಿಗೆ 'ನೋಡಿ, ಆಗಿನ ರಾಣಿಯರೇ ಹಾಕಿಸಿಕೊಂಡಿದ್ದರು' ಎಂದು ಹೇಳಲು ಸುಲಭದ ಪೋಸ್ಟರ್.

ಮೂರನೆಯವರ ಉದ್ದೇಶ ಒಳ್ಳೆಯದೇ. ಆದರೆ ಅಪಾಯ ಜಾಸ್ತಿ ಇರುವುದೂ ಅಲ್ಲೇ. ಲಸಿಕೆಯ ಬಗ್ಗೆ ಅನುಮಾನ ಇರುವವರು ಇಂಥ ಪೋಸ್ಟನ್ನು ಕೆದಕುತ್ತಾರೆ, 'ಇದು ಒಬ್ಬರ ಅಭಿಪ್ರಾಯವಂತೆ, ಸಾಬೀತಾಗಿಲ್ಲವಂತೆ' ಅನ್ನುವುದು ಅವರಿಗೆ ಸಿಗುತ್ತದೆ, ಆಗ ಚಿತ್ರದ ಜೊತೆ ರಾಣಿ ಲಸಿಕೆ ಹಾಕಿಸಿಕೊಂಡ ನಿಜ ಸಂಗತಿಯೂ ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆ. ಅನುಮಾನಕ್ಕೆ ಜಾಗವಿರುವ ಚಿತ್ರವನ್ನು ಮುಂದಿಟ್ಟು ಅನುಮಾನವಿಲ್ಲದ ದಾಖಲೆಯನ್ನು ಹಿಂದಿಡುವುದು ತಲೆಕೆಳಗಾದ ಕ್ರಮ. ಕಂಪನಿಯ ಲೆಕ್ಕದ ಪ್ರಕಾರ 1807ರ ಹೊತ್ತಿಗೆ ಭಾರತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡಿದ್ದರು. ಅಷ್ಟು ಜನ ಅಳುಕನ್ನು ದಾಟಿ ಬಂದದ್ದಕ್ಕೆ ಒಂದು ಚಿತ್ರ ಕಾರಣವಾಗಿರಲಾರದು. ಈ ಚಿತ್ರವನ್ನು ಆಗ ಎಷ್ಟು ಜನ ನೋಡಿರಬಹುದು ಹೇಳಿ, ಅದೇನು ಮುದ್ರಿಸಿ ಊರೂರಿಗೆ ಹಂಚಿದ ಭಿತ್ತಿಪತ್ರ ಅಲ್ಲ. ರಾಣಿ ಹಾಕಿಸಿಕೊಂಡಳಂತೆ ಅನ್ನುವ ಬಾಯಿಮಾತು ಮಾತ್ರ ಮೈಸೂರು ಸೀಮೆಯಲ್ಲಿ ಬೇಗ ಹರಡಿರಬೇಕು.

ಹೆಮ್ಮೆಯ ಮಾತಿನಲ್ಲಿ ಮರೆತುಹೋಗುವ ಇನ್ನೊಂದು ವಿಷಯ, ದೇವಾಜಮ್ಮಣ್ಣಿ ಆಗ ಹನ್ನೆರಡರ ಹುಡುಗಿ. 'ಧೈರ್ಯವಂತ ರಾಣಿ ಮುಂದೆ ಬಂದಳು' ಎಂದು ಬರೆಯುವುದು ಸುಲಭ. ಅವಳನ್ನು ಯಾರಾದರೂ ಕೇಳಿದರಾ? ತೀರ್ಮಾನ ಹಿರಿಯರದು, ರೆಸಿಡೆನ್ಸಿಯದು, ವೈದ್ಯರದು. ತೋಳು ಮಾತ್ರ ಅವಳದು. ಅವಳ ತೋಳಿಗೆ ಬಂದ ಲಸಿಕೆಯೂ ಯಾವುದೋ ಮಗುವಿನ ತೋಳಿನಿಂದಲೇ ಬಂದಿರಬೇಕು, ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಆ ಮಗು ಯಾರ ಮನೆಯದು ಅನ್ನುವ ಪ್ರಶ್ನೆಗೆ ಯಾವ ಚಿತ್ರದಲ್ಲೂ ಉತ್ತರ ಇಲ್ಲ.

ಇನ್ನೇನು ಸಿಕ್ಕರೆ ಗೊತ್ತಾಗುತ್ತದೆ

ಈ ಚರ್ಚೆ ಅಭಿಪ್ರಾಯದಲ್ಲೇ ನಿಲ್ಲಬೇಕಾಗಿಲ್ಲ. ಚಿತ್ರದ ಮೇಲೆ ಅತಿಗೆಂಪು ಕಿರಣ ಮತ್ತು ಎಕ್ಸ್-ರೇ ಪರೀಕ್ಷೆ ನಡೆದರೆ ಮೂಗಿನ ಕೆಳಗಿನ ಬಣ್ಣ ಮೂಲ ಪದರದಲ್ಲಿದೆಯೋ ಆಮೇಲೆ ಬಂತೋ ಗೊತ್ತಾಗುತ್ತದೆ. ಕೈಯ ಭಂಗಿಯನ್ನು ಹಿಕಿ ಮೊದಲಿನಿಂದ ಹೀಗೇ ಬರೆದನೋ ನಡುವೆ ಬದಲಿಸಿದನೋ ಅನ್ನುವುದೂ ಕಂಡೀತು. ಮೊದಲು ಸೆರಗಿನಡಿ ಇದ್ದ ತೋಳನ್ನು ಆಮೇಲೆ ತೆರೆದಿದ್ದರೆ ಚಾನ್ಸಲರ್ ವಾದಕ್ಕೆ ದೊಡ್ಡ ಬಲ.

ಕಾಗದದ ಕಡೆ ನೋಡಬೇಕಾದ್ದು ಮುಖ್ಯವಾಗಿ ಹಣದ ಲೆಕ್ಕ. ಹಿಕಿ ಪುಕ್ಕಟೆ ಬರೆಯುವವನಲ್ಲ. 1805 ಮತ್ತು 1806ರಲ್ಲಿ ಅವನಿಗೆ ಯಾರು ದುಡ್ಡು ಕೊಟ್ಟರು? ರೆಸಿಡೆನ್ಸಿಯೋ, ಮದ್ರಾಸ್ ಸರ್ಕಾರವೋ, ಅರಮನೆಯೋ? ಮದ್ರಾಸ್ ಸರ್ಕಾರದ ಕಡತಗಳು ಚೆನ್ನೈ ಮತ್ತು ಲಂಡನ್ನಿನಲ್ಲಿವೆ, ಮೈಸೂರಿನ ಹಳೆಯ ದಾಖಲೆಗಳು ಇಲ್ಲಿನ ಪತ್ರಾಗಾರದಲ್ಲಿವೆ. ಹಣ ಕಂಪನಿಯಿಂದ ಹೋಗಿದ್ದು, ಆ ನಮೂದು ಲಸಿಕೆಯ ಖರ್ಚಿನ ಜೊತೆ ಸಿಕ್ಕರೆ ವಾದ ಅಲ್ಲಿಗೆ ಮುಗಿಯುತ್ತದೆ. ಅರಮನೆಯೇ ಮದುವೆಯ ನೆನಪಿಗೆ ಬರೆಸಿದ್ದು ಅಂತ ತಿಳಿದರೆ, ಮೂವರು ರಾಜಮನೆತನದವರು ಅನ್ನುವುದು ಗಟ್ಟಿಯಾಗಿ, ಲಸಿಕೆಯ ಓದು ಹಿಂದೆ ಸರಿಯಬೇಕಾಗುತ್ತದೆ. ಅಲ್ಲಿಯ ತನಕ ಚಿತ್ರದ ಕೆಳಗೆ 'ಮೈಸೂರು ರಾಜಮನೆತನದ ಮೂವರು ಸ್ತ್ರೀಯರು ಎಂದು ಭಾವಿಸಲಾಗಿದೆ, ಥಾಮಸ್ ಹಿಕಿ, 1805' ಎಂದು ಬರೆದು, ಲಸಿಕೆಯ ಮಾತನ್ನು ಚಾನ್ಸಲರ್ ಹೆಸರಿನ ಜೊತೆಗೇ ಹೇಳಬೇಕು.